ಶ್ರೀನಾಥ್‌ಗೆ ಮರುಕ ಬೇಡ, ಲೆಕ್ಕ ಸಾಕು

ಬಿ.ಎಸ್. ಚಂದ್ರಶೇಖರ್: 58 ಟೆಸ್ಟ್, 242 ವಿಕೆಟ್, ಸರಾಸರಿ 29.74. ಜಾವಗಲ್ ಶ್ರೀನಾಥ್: 67 ಟೆಸ್ಟ್, 236 ವಿಕೆಟ್, ಸರಾಸರಿ 30.49. ಇಬ್ಬರೂ ಮೈಸೂರಿನಲ್ಲಿ ಹುಟ್ಟಿದವರು. ಮೊದಲನೆಯವರ ಹೆಸರು ಬಂದರೆ ನಮ್ಮ ಕ್ರಿಕೆಟ್ ಬರಹಗಾರರು ಎದ್ದು ನಿಲ್ಲುತ್ತಾರೆ. ಎರಡನೆಯವರ ಹೆಸರು ಬಂದರೆ ‘ಪಾಪ’ ಎನ್ನುತ್ತಾರೆ. ಮುಕ್ಕಾಲು ರನ್ನಿನ ಅಂತರಕ್ಕೆ ಇಷ್ಟು ದೊಡ್ಡ ಅಂತಸ್ತಿನ ವ್ಯತ್ಯಾಸವೇ? ಚಂದ್ರ ಅವರ ಕೀರ್ತಿಯ ಬಗ್ಗೆ ನನಗೆ ತಕರಾರಿಲ್ಲ. ಶ್ರೀನಾಥ್‌ಗೆ ಸಲ್ಲುತ್ತಿರುವ ಮರುಕದ ಬಗ್ಗೆ ಇದೆ.

ಈ ಮರುಕವನ್ನು ತೀರ ಹತ್ತಿರದಿಂದ ಕೇಳಬೇಕಾದರೆ ನಮ್ಮ ಮಂಡ್ಯ ಜಿಲ್ಲೆಯ ಪಡುವಣ ತಾಲ್ಲೂಕುಗಳಿಗೆ ಬರಬೇಕು. ಮೈಸೂರಿಗೆ ಕೂಗಳತೆಯಲ್ಲಿರುವ ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಆತ ಮೈಸೂರಿನ ಹುಡುಗ, ಅಂದರೆ ತಮ್ಮವನು. ಹಾಸನ ಜಿಲ್ಲೆಗೆ ಬೆನ್ನು ಕೊಟ್ಟು ಕೂತ ಕೆ.ಆರ್. ಪೇಟೆ, ನಾಗಮಂಗಲದವರು ಜಾವಗಲ್ ಎಂಬ ಊರಿನ ಹೆಸರು ಹಿಡಿದು ನಂಟು ಹೇಳುತ್ತಾರೆ. ಇಷ್ಟೆಲ್ಲ ಹಕ್ಕು ಸಾಧಿಸಿದ ಮೇಲೆ ತೀರ್ಪು ಮಾತ್ರ ಒಂದೇ: “ಸೀನಾತ ಚೆನ್ನಾಗ್ ಹಾಕ್ತಿದ್ದ ಕಣಪ್ಪ, ಆದ್ರೆ ಮ್ಯಾಚ್ ಗೆಲ್ಸ್‌ಕೊಡ್ನಿಲ್ಲ.” ಕೊಯ್ಲಾದ ಗದ್ದೆ ಬಯಲಿನ ಟೆನಿಸ್ ಬಾಲ್ ಟೂರ್ನಮೆಂಟುಗಳಲ್ಲಿ ಬೌಲರ್‌ನನ್ನು ಅಳೆಯುವ ಕ್ರಮವೂ ಇದೇ. ಮೊದಲ ಎರಡು ಓವರಿನಲ್ಲಿ ಆರು ರನ್ ಕೊಟ್ಟು ಎದುರಾಳಿಯ ಕೈಕಟ್ಟಿದವನಿಗೆ ಕಪ್ ಇಲ್ಲ. ಕೊನೆಯ ಓವರಿನಲ್ಲಿ ಹುಚ್ಚಾಪಟ್ಟೆ ಬೀಸಿದವರ ಮೂರು ವಿಕೆಟ್ ಸಿಕ್ಕವನಿಗೆ ಕಪ್. ಹಳ್ಳಿಯ ಬಯಲಿನಲ್ಲಿ ಇದು ನಡೆಯಲಿ ಬಿಡಿ. ಪತ್ರಿಕೆಯ ಅಂಕಣಗಳಲ್ಲೂ ನಡೆದರೆ ಹೇಗೆ?

ಸರಾಸರಿ ಎಂಬ ಅಂಕಿಯನ್ನು ಮೊದಲು ಬಿಚ್ಚೋಣ. ಒಂದು ವಿಕೆಟ್‌ಗೆ ಎಷ್ಟು ಎಸೆತ ಬೇಕಾಯಿತು, ಆ ಎಸೆತಗಳಲ್ಲಿ ರನ್ ಎಷ್ಟು ಬೇಗ ಸೋರಿತು, ಈ ಎರಡರ ಗುಣಾಕಾರವೇ ಸರಾಸರಿ. ಶ್ರೀನಾಥ್‌ಗೆ ಒಂದು ವಿಕೆಟ್‌ಗೆ ಬೇಕಾದದ್ದು 64 ಎಸೆತ, ಚಂದ್ರ ಅವರಿಗೆ 65.9. ಯಾವ ಕ್ಷಣದಲ್ಲಾದರೂ ವಿಕೆಟ್ ಕೀಳಬಲ್ಲವರು ಎಂಬ ಖ್ಯಾತಿ ಯಾರಿಗಿದೆಯೋ ಅವರಿಗಿಂತ ‘ಪಾಪದ’ ಬೌಲರ್ ಸುಮಾರು ಎರಡು ಎಸೆತ ಮುಂಚೆ ವಿಕೆಟ್ ಕೀಳುತ್ತಿದ್ದರು. ಶ್ರೀನಾಥ್ ಹಿಂದೆ ಬೀಳುವುದು ಓವರಿಗೆ ಕೊಟ್ಟ ರನ್ನಿನಲ್ಲಿ: 2.85, ಚಂದ್ರ ಅವರದು 2.70. ತೊಂಬತ್ತರ ದಶಕದ ಟೆಸ್ಟ್ ಬ್ಯಾಟಿಂಗ್ ಎಪ್ಪತ್ತರ ದಶಕದ್ದಕ್ಕಿಂತ ವೇಗವಾಗಿತ್ತು ಎಂಬುದು ಗೊತ್ತಿರುವ ವಿಷಯ. ಆ ಮುಕ್ಕಾಲು ರನ್ನಿನ ಬಹುಪಾಲು ಕಾಲದ ಖಾತೆಗೆ ಹೋಗಬೇಕು, ಬೌಲರ್‌ನ ಖಾತೆಗಲ್ಲ.

ಇನ್ನು ತವರು ಮತ್ತು ವಿದೇಶದ ವಿಂಗಡಣೆ. ನನ್ನ ಇಡೀ ವಾದ ನಿಂತಿರುವುದು ಇಲ್ಲಿ. ಶ್ರೀನಾಥ್ ಭಾರತದಲ್ಲಿ ಆಡಿದ 32 ಟೆಸ್ಟ್‌ಗಳಲ್ಲಿ 108 ವಿಕೆಟ್, ಸರಾಸರಿ 26.61. ಹೊರಗೆ 35 ಟೆಸ್ಟ್‌ಗಳಲ್ಲಿ 128 ವಿಕೆಟ್, ಸರಾಸರಿ 33.76. ಹೊಸ ಚೆಂಡಿನ ಹೊಳಪು ಹತ್ತು ಓವರಿಗೆ ಅಳಿಸಿ, ನಾಯಕ ಸ್ಪಿನ್ನರ್‌ನತ್ತ ಕೈ ತೋರಿಸುವ ನೆಲದಲ್ಲಿ ಒಬ್ಬ ವೇಗಿ 26.61! ಇದನ್ನು ಕಪಿಲ್ ದೇವ್ ಪಕ್ಕದಲ್ಲಿಡಿ: ತವರಿನಲ್ಲಿ 26.49, ಹೊರಗೆ 32.85. ತವರಿನ ಅಂತರ ಒಂದು ರನ್ನಿನ ಎಂಟನೇ ಒಂದು ಭಾಗವೂ ಅಲ್ಲ, ಹೊರಗಿನದು ಒಂದು ರನ್ನಿಗಿಂತ ಕಡಿಮೆ. ಆಮೇಲೆ ಬಂದ, ‘ಬುದ್ಧಿವಂತ ವೇಗಿ’ ಎಂದು ಹೊಗಳಿಸಿಕೊಂಡ ಜಹೀರ್ ಖಾನ್ ಅವರ ತವರಿನ ಸರಾಸರಿ 35ರ ಮೇಲಿದೆ. ಸ್ಪಿನ್ನರ್‌ಗಳ ನೆಲದಲ್ಲಿ ಕಪಿಲ್‌ಗೆ ಸರಿಸಮನಾಗಿ ನಿಂತವನನ್ನು ‘ಗೆಲ್ಲಿಸಿಕೊಡಲಿಲ್ಲ’ ಎನ್ನುವವರು ಯಾವ ಪುಸ್ತಕ ನೋಡಿ ಹೇಳುತ್ತಾರೆ?

ಹೊರಗಿನ 33.76 ಚೆನ್ನಾಗಿಲ್ಲ, ಒಪ್ಪೋಣ. ಆದರೆ 1991ರ ಕೊನೆಗೆ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಆಡಲು ಶುರು ಮಾಡಿದ 22ರ ಹುಡುಗನಿಗೆ ತವರಿನ ಮೊದಲ ಟೆಸ್ಟ್ ಸಿಕ್ಕಿದ್ದು 1994ರಲ್ಲಿ. ಕಲಿಕೆಯ ಕಾಲವೆಲ್ಲ ಪರದೇಶದಲ್ಲಿ ಕಳೆಯಿತು. ಆ ಮೊದಲ ಆಸ್ಟ್ರೇಲಿಯಾ ಪ್ರವಾಸದಲ್ಲಿ 10 ವಿಕೆಟ್‌ಗೆ ತಲಾ 55 ರನ್ ತೆತ್ತರು. ಅದೊಂದು ಸರಣಿಯನ್ನು ಕಳೆದರೆ ವೃತ್ತಿಜೀವನದ ಸರಾಸರಿ 29.4ಕ್ಕೆ ಇಳಿಯುತ್ತದೆ, ಚಂದ್ರ ಅವರದಕ್ಕಿಂತ ಕೆಳಗೆ. ಹಾಗೆ ಕಳೆಯಲು ನಾನು ಸಿದ್ಧನಿಲ್ಲ. ಬೇಡದ್ದನ್ನು ಕತ್ತರಿಸುತ್ತ ಹೋದರೆ ಯಾರನ್ನು ಬೇಕಾದರೂ ಶ್ರೇಷ್ಠರನ್ನಾಗಿಸಬಹುದು. ಮೂರು ಪ್ರವಾಸಗಳಲ್ಲಿ ದಕ್ಷಿಣ ಆಫ್ರಿಕಾದಲ್ಲೇ 43 ವಿಕೆಟ್ ಕಿತ್ತವರಿಗೆ ಆ ಕತ್ತರಿಯ ಹಂಗೂ ಬೇಕಿಲ್ಲ.

1999ರ ಫೆಬ್ರುವರಿಗೆ ಬರೋಣ. ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಎದುರು ಅನಿಲ್ ಕುಂಬ್ಳೆ 74 ರನ್‌ಗೆ 10 ವಿಕೆಟ್ ಕಿತ್ತರು. ಹತ್ತನೆಯದು ಅವರಿಗೇ ಸಿಗಲೆಂದು ಶ್ರೀನಾಥ್ ಸ್ಟಂಪಿನಿಂದ ದೂರ ದೂರ ಎಸೆದದ್ದನ್ನು ಇಂದಿಗೂ ಭಾವುಕರಾಗಿ ನೆನೆಯುತ್ತೇವೆ. ಅದೇ ತಿಂಗಳು ಈಡನ್ ಗಾರ್ಡನ್ಸ್‌ನಲ್ಲಿ ಅದೇ ಪಾಕಿಸ್ತಾನದ ಎದುರು ಶ್ರೀನಾಥ್ 46ಕ್ಕೆ 5 ಮತ್ತು 86ಕ್ಕೆ 8, ಒಟ್ಟು 132 ರನ್‌ಗೆ 13 ವಿಕೆಟ್ ಪಡೆದರು. ಇದನ್ನು ಯಾರು ನೆನೆಯುತ್ತಾರೆ? ಭಾರತ 46 ರನ್‌ಗಳಿಂದ ಸೋತಿತು. ನೆನಪಿನಲ್ಲಿ ಉಳಿದದ್ದು ಸಚಿನ್ ರನ್‌ಔಟ್ ಮತ್ತು ಖಾಲಿ ಮಾಡಿಸಿದ ಗ್ಯಾಲರಿ.

ಆ ಪಂದ್ಯದ ಸ್ಕೋರನ್ನು ಸ್ವಲ್ಪ ಹಿಂಡಿ ನೋಡಿ. ಪಾಕಿಸ್ತಾನ ಎರಡು ಇನಿಂಗ್ಸ್‌ಗಳಲ್ಲಿ 185 ಮತ್ತು 316, ಒಟ್ಟು 501. ಇದರಲ್ಲಿ ಶ್ರೀನಾಥ್ ಪಾಲು 132 ರನ್, 13 ವಿಕೆಟ್. ಇತರೆ ರನ್ ಸೇರಿಸಿಕೊಂಡರೆ ಉಳಿದ 369 ರನ್‌ಗೆ ಬಿದ್ದದ್ದು 7 ವಿಕೆಟ್. ಒಂದು ತುದಿಯಲ್ಲಿ ವಿಕೆಟ್‌ಗೆ ಹತ್ತು ರನ್, ಇನ್ನೊಂದು ತುದಿಯಲ್ಲಿ ಐವತ್ತಮೂರು. ಎರಡನೇ ಇನಿಂಗ್ಸ್‌ನಲ್ಲಿ ಸಯೀದ್ ಅನ್ವರ್ ಆರಂಭದಿಂದ ಕೊನೆಯವರೆಗೂ ನಿಂತು 188 ಹೊಡೆದರು. ಅವರನ್ನುಳಿದು ಎಂಟು ಮಂದಿ ಶ್ರೀನಾಥ್ ಲೆಕ್ಕಕ್ಕೆ ಹೋದರು. ನಂತರ 279ರ ಬೆನ್ನು ಹತ್ತಿ 232ಕ್ಕೆ ಮುಗಿದವರು ಬ್ಯಾಟ್ಸ್‌ಮನ್‌ಗಳು. ಎರಡು ವರ್ಷ ಹಿಂದೆ, 1996ರ ನವೆಂಬರ್‌ನಲ್ಲಿ, ಅಹಮದಾಬಾದ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಗೆಲ್ಲಲು 170 ಸಾಕಿತ್ತು. ಶ್ರೀನಾಥ್ 21 ರನ್‌ಗೆ 6 ವಿಕೆಟ್ ಕಿತ್ತು 105ಕ್ಕೆ ಉರುಳಿಸಿದರು. ಅದು ‘ಗೆಲ್ಲಿಸಿದ’ ಬೌಲಿಂಗ್ ಎಂದು ಪಟ್ಟಿಯಲ್ಲಿದೆ, ಈಡನ್ ಇಲ್ಲ. ಎರಡರ ನಡುವಿನ ವ್ಯತ್ಯಾಸದಲ್ಲಿ ಬೌಲರ್‌ನ ಕೈವಾಡ ಎಳ್ಳಷ್ಟೂ ಇಲ್ಲ. ಚಂದ್ರ ಅವರ ಪರವಾಗಿ ಸದಾ ಮುಂದಿಡುವ ಅಂಕಿಯ ತೊಡಕೂ ಇದೇ: ಭಾರತ ಗೆದ್ದ 14 ಟೆಸ್ಟ್‌ಗಳಲ್ಲಿ 98 ವಿಕೆಟ್, ಸರಾಸರಿ 19.27. ಭವ್ಯ ಸಾಧನೆ, ಸಂಶಯವಿಲ್ಲ. ಆದರೆ ಗೆದ್ದ ಪಂದ್ಯಗಳನ್ನಷ್ಟೇ ಆರಿಸಿಕೊಂಡರೆ ಯಾವ ಬೌಲರ್‌ನ ಸರಾಸರಿ ಇಳಿಯುವುದಿಲ್ಲ? ಗೆಲುವಿಗೆ ಬೇಡಿ, ಪ್ರಸನ್ನ ಇದ್ದರು, ಶಾರ್ಟ್ ಲೆಗ್‌ನಲ್ಲಿ ಸೋಲ್ಕರ್ ಇದ್ದರು.

ಅಮೆರಿಕದ ಬೇಸ್‌ಬಾಲ್ ಮಂದಿ ಈ ಜಗಳವನ್ನು ನಮಗಿಂತ ಮುಂಚೆ ಆಡಿ ಮುಗಿಸಿದ್ದಾರೆ. ಅಲ್ಲಿ ತಂಡ ಗೆದ್ದರೆ ಆ ‘ಗೆಲುವನ್ನು’ ಚೆಂಡೆಸೆಯುವ ಒಬ್ಬ ಪಿಚರ್‌ನ ಹೆಸರಿಗೆ ಬರೆಯುವ ಪದ್ಧತಿ. ಬರ್ಟ್ ಬ್ಲೈಲೆವೆನ್ ಎಂಬ ಪಿಚರ್ 3,701 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರೂ ಗೆಲುವು 287ಕ್ಕೇ ನಿಂತಿತು, 300 ಮುಟ್ಟಲಿಲ್ಲ. 1992ರಲ್ಲಿ ಆಟ ಬಿಟ್ಟವರಿಗೆ ಹಾಲ್ ಆಫ್ ಫೇಮ್ ಬಾಗಿಲು ತೆರೆದದ್ದು 2011ರಲ್ಲಿ, ಹದಿನಾಲ್ಕನೆಯ ಮತದಾನದಲ್ಲಿ. ಅಂಕಿ ಬಲ್ಲ ಬರಹಗಾರರು ವರ್ಷಗಟ್ಟಲೆ ವಾದಿಸಿದ್ದು ಒಂದೇ ಮಾತು: ತಂಡ ಎಷ್ಟು ರನ್ ಮಾಡಿತು ಎಂಬುದನ್ನು ಪಿಚರ್‌ನ ಕೊರಳಿಗೆ ಕಟ್ಟಬೇಡಿ. ಅವರು ಆತ ದುರದೃಷ್ಟವಂತ ಎಂದು ಗೋಗರೆಯಲಿಲ್ಲ. ಆತ ಮಾಡಿದ್ದನ್ನು ಎಣಿಸಿ ತೋರಿಸಿದರು.

ನನ್ನ ಮುಖ್ಯ ಜಗಳ ಶ್ರೀನಾಥ್ ಅವರ ನಿಂದಕರ ಜೊತೆಗಲ್ಲ, ಅಭಿಮಾನಿಗಳ ಜೊತೆ. ಕನ್ನಡದಲ್ಲಿ ಅವರ ಬಗ್ಗೆ ಬಂದ ಹೊಗಳಿಕೆಯ ಬರಹಗಳನ್ನು ತೆಗೆದು ನೋಡಿ: ಬ್ಯಾಟಿನ ಅಂಚು ಸವರಿ ಹೋದ ಚೆಂಡುಗಳು, ಸ್ಲಿಪ್‌ನಲ್ಲಿ ಜಾರಿದ ಕ್ಯಾಚುಗಳು, ಎತ್ತದ ಅಂಪೈರ್ ಬೆರಳು. ಇದೆಲ್ಲ ಎಷ್ಟು ಸಲ ಆಯಿತು? ಬೇರೆ ವೇಗಿಗಳಿಗಿಂತ ಹೆಚ್ಚು ಆಯಿತೇ? ಎಣಿಸಿದವರಿಲ್ಲ. ಚೆಂಡಿನ ಜಾಡು ಹಿಡಿಯುವ ಹಾಕ್-ಐ ಕ್ರಿಕೆಟ್‌ಗೆ ಬಂದದ್ದೇ 2001ರಲ್ಲಿ, ಶ್ರೀನಾಥ್ ಆಟ ಮುಗಿಯುವ ಹೊತ್ತಿಗೆ. ಎಷ್ಟು ಎಸೆತಕ್ಕೆ ಬ್ಯಾಟ್ಸ್‌ಮನ್ ತಡಬಡಿಸಿದ, ಅದರಿಂದ ಎಷ್ಟು ವಿಕೆಟ್ ನಿರೀಕ್ಷಿಸಬಹುದಿತ್ತು ಎಂದು ಇವತ್ತು ಬುಮ್ರಾಗೆ ಹಾಕುವ ಲೆಕ್ಕವನ್ನು 1996ರ ಶ್ರೀನಾಥ್‌ಗೆ ಹಾಕಲಾಗದು. ‘ಕ್ಯಾಚ್ ಹಿಡಿದಿದ್ದರೆ ಮುನ್ನೂರು ವಿಕೆಟ್ ಆಗುತ್ತಿತ್ತು’ ಎನ್ನುವವರು ಇಲ್ಲದ ವಿಕೆಟ್‌ಗಳನ್ನು ದಾನ ಮಾಡಲು ಹೋಗಿ ಇರುವ 236ನ್ನು ಅಗ್ಗ ಮಾಡುತ್ತಾರೆ. ‘ದುರದೃಷ್ಟವಂತ’ ಎಂದರೆ ‘ಸಾಧಿಸಲಿಲ್ಲ, ಆದರೆ ಬೈಯಬೇಡಿ’ ಎಂದಂತೆ. ಸಾಧಿಸಿದ್ದಾರೆ ಸ್ವಾಮಿ. ಪುಸ್ತಕದಲ್ಲೇ ಇದೆ, ಓದುವ ಸಹನೆ ಬೇಕು.

ಕೊರತೆಗಳಿಲ್ಲವೇ? ಇವೆ. ವೃತ್ತಿಯ ಮೊದಲರ್ಧದಲ್ಲಿ ಚೆಂಡನ್ನು ಹೆಚ್ಚು ಗಿಡ್ಡ ಹಾಕುತ್ತಿದ್ದರು. ಒಳನುಗ್ಗುವ ಚೆಂಡಿನ ಮೇಲಿನ ಮೋಹ ಎಡಗೈ ಬ್ಯಾಟ್ಸ್‌ಮನ್‌ಗಳ ಎದುರು ದುಬಾರಿಯಾಗುತ್ತಿತ್ತು. 67 ಟೆಸ್ಟ್‌ಗಳಲ್ಲಿ ಐದು ವಿಕೆಟ್ ಗೊಂಚಲು ಹತ್ತೇ ಸಲ. ಚಂದ್ರ 58ರಲ್ಲಿ ಹದಿನಾರು ಸಲ. 2003ರ ವಿಶ್ವಕಪ್ ಫೈನಲ್‌ನಲ್ಲಿ 10 ಓವರ್‌ಗೆ 87 ರನ್ ಕೊಟ್ಟು ವಿಕೆಟ್ ಪಡೆಯದೆ ಮುಗಿಸಿದರು, ಅದೇ ಅವರ ಕೊನೆಯ ಪಂದ್ಯವೂ ಆಯಿತು. ಜನರ ಮನಸ್ಸಿನಲ್ಲಿ ಆ 87 ಕೂತುಬಿಟ್ಟಿದೆ. ಅದೇ ಟೂರ್ನಿಯಲ್ಲಿ 33ರ ವಯಸ್ಸಿನಲ್ಲಿ 23ರ ಸರಾಸರಿಯಲ್ಲಿ ಕಿತ್ತ 16 ವಿಕೆಟ್ ಕೂತಿಲ್ಲ. ಏಕದಿನದ 315 ವಿಕೆಟ್ ಭಾರತದ ವೇಗಿಗಳಲ್ಲೇ ಅತಿ ಹೆಚ್ಚು ಎಂಬುದೂ ಕೂತಿಲ್ಲ.

ಇಷ್ಟರ ಮೇಲೆ ನನ್ನ ತೀರ್ಮಾನ: ಕಳೆದ ಶತಮಾನದ ಭಾರತೀಯ ವೇಗಿಗಳಲ್ಲಿ ಬೌಲಿಂಗ್ ಒಂದನ್ನೇ ಅಳೆದರೆ ಶ್ರೀನಾಥ್ ಕಪಿಲ್ ಸಾಲಿನವರು, ಅವರ ನಂತರದ ಸಾಲಿನವರಲ್ಲ. ಕಪಿಲ್ ಹೆಚ್ಚು ಕಾಲ ಆಡಿದರು, ಬ್ಯಾಟನ್ನೂ ಬೀಸಿದರು, ವಿಶ್ವಕಪ್ ಎತ್ತಿದರು. ಅದು ಬೇರೆ ಲೆಕ್ಕ. ಇದನ್ನು ಒಪ್ಪದವರು 26.61ನ್ನು ಮೊದಲು ಸುಳ್ಳು ಮಾಡಿ ತೋರಿಸಲಿ. ಒಪ್ಪುವವರು ಮುಂದಿನ ಲೇಖನದಲ್ಲಿ ಜಾರಿದ ಕ್ಯಾಚುಗಳ ಕಥೆ ಬಿಟ್ಟು ಈಡನ್‌ನ 13 ವಿಕೆಟ್ ಬಗ್ಗೆ ಒಂದು ಪುಟ ಬರೆಯಲಿ.