ಮೇ ತಿಂಗಳಲ್ಲಿ ಕನ್ನಡಿ ಉತ್ತರಕ್ಕಿರಲಿ

ಗಾಜು ಹೊದಿಸಿದ ಪೆಟ್ಟಿಗೆಯ ಸೌರ ಒಲೆ ಇಟ್ಟುಕೊಂಡವರಿಗೆ ಬಾಯಿಪಾಠವಾದ ಮಾತೊಂದಿದೆ: ನಡು ಮಧ್ಯಾಹ್ನ ಕನ್ನಡಿಯ ಮುಖ ದಕ್ಷಿಣಕ್ಕಿರಬೇಕು. ದಿಲ್ಲಿಗೆ ಇದು ವರ್ಷವಿಡೀ ಸರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಅಲ್ಲ. ನಾವಿರುವುದು 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯ ವಾರ ನೆತ್ತಿ ದಾಟಿ ಉತ್ತರಕ್ಕೆ ಸರಿದ ಸೂರ್ಯ ಮತ್ತೆ ನೆತ್ತಿಗೆ ಬರುವುದು ಆಗಸ್ಟ್ ಮಧ್ಯಕ್ಕೆ. ಅಂದರೆ ಬಿಸಿಲು ಉರಿಯುವ ಮೇ ತಿಂಗಳಲ್ಲೇ, ಹನ್ನೆರಡರ ಹೊತ್ತಿಗೆ, ದಕ್ಷಿಣಕ್ಕೆ ನಿಂತ ಕನ್ನಡಿಯಿಂದ ಸಿಗಬೇಕಾದ ಬೆಳಕು ಸಿಗುವುದಿಲ್ಲ. ಅದನ್ನು ಉತ್ತರಕ್ಕೆ ತಿರುಗಿಸಬೇಕು.

ದಿಕ್ಕಿನಷ್ಟೇ ಮುಖ್ಯವಾದದ್ದು ಓರೆ. ಬೆಳಿಗ್ಗೆ ಸೂರ್ಯ ಕೆಳಗಿರುವಾಗ ಕನ್ನಡಿ ಗಾಜಿನ ಕಡೆಗೆ ಬಾಗಿರಲಿ. ಸೂರ್ಯ ಏರಿದಂತೆ ಹಿಂದಕ್ಕೆ ಒರಗಲಿ. ಕನ್ನಡಿಯಿಂದ ಬಿದ್ದ ಬೆಳಕಿನ ಚೌಕ ಗಾಜಿನ ಅಂಚು ದಾಟದೆ ಪೂರ್ತಿ ಒಳಗೆ ಕೂತರೆ ಓರೆ ಸರಿಯಾಯಿತು. ಹೊಲಕ್ಕೆ ಹೋಗುವವರು ಪೆಟ್ಟಿಗೆಯನ್ನು ಈಗಿನ ಸೂರ್ಯನಿಗೆ ಇಡುವುದು ಬೇಡ. ಇನ್ನೊಂದು ತಾಸಿಗೆ ಸೂರ್ಯ ಎಲ್ಲಿರುತ್ತಾನೋ ಅತ್ತ ಮುಖಮಾಡಿ ಹೋಗಲಿ.

ಸ್ವಿಸ್ ವಿಜ್ಞಾನಿ ಸೊಸ್ಯೂರ್ 1767ರಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಬಿಸಿಲನ್ನು ಹಿಡಿದಿಟ್ಟು ನೀರು ಕುದಿಯುವುದಕ್ಕಿಂತ ಹೆಚ್ಚಿನ ಶಾಖ ಕಂಡಿದ್ದರು. ಇಂದಿನ ಪೆಟ್ಟಿಗೆ ಒಲೆಯೂ ಅದೇ: ಎರಡು ಪದರ ಗಾಜು, ಕಪ್ಪು ತಟ್ಟೆ, ಸುತ್ತ ಶಾಖ ಬಿಡದ ಹೊದಿಕೆ. ಉಳಿದದ್ದು ಅಡುಗೆಯವರ ಕೈಯಲ್ಲಿದೆ. ಪಾತ್ರೆ ತೆಳುವಾಗಿರಲಿ, ಅಗಲವಾಗಿರಲಿ. ಹೊರಗೆ ಹೊಳಪಿಲ್ಲದ ಕಪ್ಪು ಬಣ್ಣವಿರಲಿ. ಬಿಸಿಲು ಮೇಲಿಂದ ಬೀಳುವುದರಿಂದ ಮುಚ್ಚಳಕ್ಕೂ ಕಪ್ಪು ಬಳಿಯಲೇಬೇಕು. ಒಂದೇ ಪಾತ್ರೆ ತುಂಬಿಸುವ ಬದಲು ಎರಡಕ್ಕೆ ಹಂಚಿ, ಎರಡು ಬೆರಳಿನಷ್ಟು ಆಳಕ್ಕೆ ಹಾಕಿದರೆ ಬೇಗ ಬೇಯುತ್ತದೆ. ಖಾಲಿ ಪೆಟ್ಟಿಗೆಯನ್ನು ಮೊದಲೇ ಬಿಸಿಲಿಗಿಟ್ಟು ಕಾಯಿಸಿ.

ಹೊನ್ನಾಳಿ ಸೀಮೆಯ ಅಕ್ಕಿಯನ್ನು ಅರ್ಧ ತಾಸು ನೆನೆಸಿ ಇಟ್ಟರೆ ಒಳ್ಳೆಯ ಬಿಸಿಲಿಗೆ ಒಂದೂವರೆ, ಎರಡು ತಾಸಿನಲ್ಲಿ ಅನ್ನ. ನೀರು ಆವಿಯಾಗಿ ಹೋಗದ ಕಾರಣ ಮಾಮೂಲಿ ಒಲೆಗಿಂತ ಸ್ವಲ್ಪ ಕಡಿಮೆ ಹಾಕಿದರೆ ಸಾಕು. ತೊಗರಿಬೇಳೆಗೆ ಎರಡು ತಾಸು ಅಥವಾ ಇನ್ನೂ ತುಸು ಹೆಚ್ಚು. ಹುರುಳಿಯನ್ನು ರಾತ್ರಿಯೇ ನೆನೆಹಾಕಬೇಕು. ಬೇಳೆ ತಳ ಹಿಡಿಯುವುದಿಲ್ಲ, ಕಾಳು ಒಡೆಯದೆ ಮೆತ್ತಗಾಗುತ್ತದೆ, ಆ ರುಚಿ ಕುಕ್ಕರಿನಲ್ಲಿ ಸಿಗದು. ನಡುವೆ ಮುಚ್ಚಳ ತೆಗೆದು ನೋಡುವ ಚಪಲ ಮಾತ್ರ ಬೇಡ. ಒಮ್ಮೆ ತೆರೆದರೆ ಹಿಡಿದಿಟ್ಟ ಶಾಖವೆಲ್ಲ ಹೋಯಿತು. ಗಾಜಿನ ಒಳಗೆ ಹನಿಗಟ್ಟಿದರೆ ಪಾತ್ರೆಯ ಮುಚ್ಚಳ ಸಡಿಲವಿದೆ ಎಂದರ್ಥ.

ರೊಟ್ಟಿ, ಮುದ್ದೆ ಇದರಲ್ಲಾಗವು. ರೊಟ್ಟಿಗೆ ಕಾದ ಹಂಚು, ಮುದ್ದೆಗೆ ಕೋಲು ಬೇಕೇ ಬೇಕು. ಮಲೆನಾಡಿನ ಸೆರಗಿನ ಚನ್ನಗಿರಿ, ನ್ಯಾಮತಿಯಲ್ಲಿ ಮಳೆಗಾಲದ ಮೋಡವೂ ಅಡ್ಡಿ. ನನ್ನ ಮಟ್ಟಿಗೆ ಈ ನಾಲ್ಕು ಊರುಗಳಲ್ಲಿ ಈ ಒಲೆಗೆ ಹೇಳಿಮಾಡಿಸಿದ ನೆಲ ಬಯಲುಸೀಮೆಯ ಜಗಳೂರು. ಅಲ್ಲಿ ಧೂಳು ಹೆಚ್ಚು. ಗಾಜನ್ನೂ ಕನ್ನಡಿಯನ್ನೂ ದಿನಾ ಬೆಳಿಗ್ಗೆ ಒರೆಸಿ ಇಡಿ.