ಸೇವನೀ, ನಾಡಿ, ನರ: ಒಂದು ಪರಿಭಾಷಾವಿಮರ್ಶೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಮಾತಿನಲ್ಲಿ, ಕನ್ನಡನಾಡಿನ ಉಳಿದೆಡೆಗಳಲ್ಲಿರುವಂತೆಯೇ, ‘ನರ’ವೆಂಬ ಶಬ್ದವು ಒಂದೇ ಅರ್ಥದಲ್ಲಿ ನಿಲ್ಲದು. ಕೈಮೇಲೆ ಉಬ್ಬಿ ತೋರುವ ರಕ್ತನಾಳವೂ ನರ. ಸೆಳೆದು ನೋಯಿಸುವ ತಂತುವೂ ನರ. ವೈದ್ಯರು ಹೇಳುವ ಸಂವೇದನವಾಹಿಯೂ ನರ. ತಮಿಳಿನ ‘ನರಂಬು’ ಇದರ ಸಜಾತೀಯ ಶಬ್ದ. ಸುಶ್ರುತನಲ್ಲಿ ಬಂಧಕ ತಂತುವಾಗಿದ್ದ ‘ಸ್ನಾಯು’ವಾದರೋ ಇಂದಿನ ಕನ್ನಡದಲ್ಲಿ ಮಾಂಸಖಂಡವಾಗಿ ಪರಿಣಮಿಸಿದೆ. ಇಂತಹ ಶಬ್ದಗಳಿಂದ ಮಿದುಳುಕಾಂಡದ ಸೆರೊಟೋನಿನ್ ಕೋಶಗಳ ನರಪಥಗಳನ್ನು ವರ್ಣಿಸುವಾಗ ಎಷ್ಟು ಎಚ್ಚರಿಕೆ ಬೇಕೆಂಬುದು ವಿಚಾರಣೀಯ.

ಮೊದಲು ವಸ್ತುಸ್ಥಿತಿ. ಸೆರೊಟೋನಿನ್ ಎಂಬುದು ನರಕೋಶಗಳು ಸಂದೇಶಾರ್ಥವಾಗಿ ಸ್ರವಿಸುವ ದ್ರವ್ಯಗಳಲ್ಲೊಂದು. ಫಾರ್ಮಾಲ್ಡಿಹೈಡ್ ಆವಿಯ ಸಂಸ್ಕಾರದಿಂದ ಅದು ಹಳದಿಯಾಗಿ ಬೆಳಗುವುದು. ಈ ಉಪಾಯದಿಂದ 1964ರಲ್ಲಿ ಸ್ವೀಡನ್ನಿನ ಡಾಲ್‌ಸ್ಟ್ರೋಮ್ ಮತ್ತು ಫುಕ್ಸೆ ಎಂಬ ಶಾಸ್ತ್ರಜ್ಞರು ಇಲಿಯ ಮಿದುಳುಕಾಂಡದಲ್ಲಿ ಒಂಬತ್ತು ಕೋಶಸಮೂಹಗಳನ್ನು ಗುರುತಿಸಿದರು. ಅವುಗಳಲ್ಲಿ ಕೆಳಗಿನವು ಮುಖ್ಯವಾಗಿ ಬೆನ್ನುಹುರಿಗೂ ಮೇಲಿನವು ಮುಂಮಿದುಳಿಗೂ ತಂತುಗಳನ್ನು ಕಳುಹಿಸುವುವು. ಇವುಗಳಲ್ಲಿ ಹೆಚ್ಚಿನವು ‘ರಾಫೆ’ ಎಂಬ ನಡುಗೆರೆಯಲ್ಲಿವೆ. ಗ್ರೀಕಿನಲ್ಲಿ ಈ ಶಬ್ದಕ್ಕೆ ಹೊಲಿಗೆಯೆಂದರ್ಥ.

ಇದಕ್ಕೆ ಸಮನಾದ ಶಬ್ದವು ಸುಶ್ರುತನಲ್ಲಿಯೇ ಉಂಟು. ಶಾರೀರಸ್ಥಾನದಲ್ಲಿ ಆತನು ಏಳು ‘ಸೇವನೀ’ಗಳನ್ನು ಎಣಿಸಿ, ಐದನ್ನು ಶಿರಸ್ಸಿನಲ್ಲಿಯೂ ಒಂದೊಂದನ್ನು ಜಿಹ್ವೆ, ಶೇಫಗಳಲ್ಲಿಯೂ ಹೇಳಿರುವನು. ಮಿದುಳುಕಾಂಡದ ಸೇವನಿಯನ್ನು ಆತನು ಹೇಳಿಲ್ಲ; ಆದರೂ ಶಬ್ದವನ್ನು ಅಲ್ಲಿಗೆ ವಿಸ್ತರಿಸುವುದು ಯುಕ್ತವೇ. ಯುಕ್ತವಲ್ಲದ್ದು ‘ಸೇವನಿಯ ಕೋಶವೇ ಸೆರೊಟೋನಿನ್ ಕೋಶ’ವೆಂಬ ಲಕ್ಷಣ. ಸೇವನಿಯಲ್ಲಿ ಆ ದ್ರವ್ಯವಿಲ್ಲದ ಕೋಶಗಳೂ ಇರುವುದರಿಂದ ಅತಿವ್ಯಾಪ್ತಿ. ಆ ದ್ರವ್ಯವುಳ್ಳ ಕೆಲವು ಕೋಶಗಳು ನಡುಗೆರೆಯಿಂದ ಪಕ್ಕಕ್ಕೆ ಇರುವುದರಿಂದ ಅವ್ಯಾಪ್ತಿ. ಸೇವನಿಯಿಂದ ಹೊರಟ ಪಥವನ್ನೆಲ್ಲ ಸೆರೊಟೋನಿನ್ ಪಥವೆಂದರೆ ಶಬ್ದದೋಷದ ಜೊತೆಗೆ ಶಾಸ್ತ್ರದೋಷವೂ ಆಗುವುದು.

ಇನ್ನು ಉಪಮೆಯ ಮಾತು. ಕೆರೆ, ತೂಬು, ಕಾಲುವೆಗಳನ್ನು ಬಲ್ಲ ಈ ಬಯಲುಸೀಮೆಯ ವಿದ್ಯಾರ್ಥಿಗೆ, ಮಾಲವಿ ಜಲಾಶಯದಿಂದ ಹೊಲಗಳಿಗೆ ನೀರು ಹರಡುವಂತೆ ಈ ಕೋಶಗಳಿಂದ ತಂತುಗಳು ಹರಡುವುವೆಂದು ಹೇಳಬಹುದು. ಮನುಷ್ಯನ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಇವು ಕೆಲವು ಲಕ್ಷ ಮಾತ್ರ. ಆದರೂ ಇವುಗಳ ತಂತುಗಳು ಮಿದುಳಿನ ಬಹುಭಾಗವನ್ನು ಮುಟ್ಟುವುವು. ಅಲ್ಪಮೂಲ, ಬಹುವಿಸ್ತಾರ: ಸಾಧಾರಣಧರ್ಮವು ಇಷ್ಟೇ. ಇದಕ್ಕಿಂತ ಮುಂದೆ ಉಪಮೆ ಸಾಗದು. ಕಾಲುವೆಯ ನೀರು ಹಿಂದಕ್ಕೆ ಹರಿಯದು. ಪಥಶೋಧಕರಾದರೋ ಕೆಲವು ದ್ರವ್ಯಗಳನ್ನು ತಂತುವಿನ ತುದಿಯಲ್ಲಿ ಹಾಕಿ, ಅವು ಹಿಮ್ಮುಖವಾಗಿ ಮೂಲಕೋಶವನ್ನು ಸೇರುವುದನ್ನು ನೋಡಿ, ಪಥವನ್ನು ನಿರ್ಣಯಿಸುವರು. ತಂತುವಿನಲ್ಲಿ ಸಾಗುವ ಸಂದೇಶವು ವಿದ್ಯುತ್ಪ್ರಚೋದನೆ. ಸೆರೊಟೋನಿನ್ ಕೆರೆಯ ನೀರಿನಂತೆ ಮೂಲದಿಂದ ಹೊಲದವರೆಗೆ ಪ್ರವಹಿಸುವುದಿಲ್ಲ, ಆ ಪ್ರಚೋದನೆ ಮುಟ್ಟಿದಲ್ಲಿ ತಂತುವಿನಿಂದ ಸ್ರವಿಸುವುದು.

ನಾಳದ ಅರ್ಥವನ್ನು ತರುವ ‘ನಾಡಿ’ಯೂ ಈ ಕಾರಣದಿಂದಲೇ ಇಲ್ಲಿ ತ್ಯಾಜ್ಯ. ಸುಷುಮ್ನೆಯೇ ಈ ಪಥವೆನ್ನುವ ಉತ್ಸಾಹವು ಯೋಗಶಾಸ್ತ್ರಕ್ಕೂ ಶಾರೀರಶಾಸ್ತ್ರಕ್ಕೂ ಗೌರವವನ್ನು ತಾರದು. ಒಂದು ಧ್ಯಾನಕ್ಕೆ ವಿಷಯ, ಇನ್ನೊಂದು ಸೂಕ್ಷ್ಮದರ್ಶಕಕ್ಕೆ. ಆದಕಾರಣ ಸ್ಥಾನಕ್ಕೆ ಸೇವನೀ, ದ್ರವ್ಯಕ್ಕೆ ಸೆರೊಟೋನಿನ್, ಮಾರ್ಗಕ್ಕೆ ನರಪಥ ಎಂಬ ವಿಭಾಗವೇ ಗ್ರಾಹ್ಯ. ಹಳೆಯ ಶಬ್ದವನ್ನು ತರುವವನು ಅದರ ಹಳೆಯ ಮೇರೆಯನ್ನೂ ಜೊತೆಗೆ ತಿಳಿಸಬೇಕು.