ನಿರ್ಲಕ್ಷ್ಯವಲ್ಲ, ಲೋಪ: ಲಕ್ವಾ, ಎಡಬದಿ ಮತ್ತು ಕನ್ನಡದ ಒಂದು ಪದ

ಲಕ್ವಾ ಹೊಡೆದವರ ಚಿತ್ರ ನಮ್ಮ ಕಥೆ-ಕಾದಂಬರಿಗಳಲ್ಲಿ ಬಹುಮಟ್ಟಿಗೆ ಒಂದೇ ಬಗೆಯದು: ಸೋತ ಕೈ, ಸೊಟ್ಟಗಾದ ಬಾಯಿ, ತೊದಲುವ ಮಾತು, ಮೂಲೆಯ ಮಂಚ. ಇದು ನೋಡುವವರ ಕಣ್ಣಿಗೆ ಕಾಣುವ ರೋಗ. ಮಲಗಿದವರ ಒಳಗಿನಿಂದ ಲೋಕ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ನಾನು ಓದಿದ ಮಟ್ಟಿಗೆ, ಕೇಳಿಕೊಳ್ಳಲು ಬೇಕಾದ ಪದವೂ ನಮ್ಮಲ್ಲಿ ಇಲ್ಲ. ಈ ಬರಹ ಆ ಪದದ ಕುರಿತು.

ಇರುವ ಪದಗಳನ್ನು ಮೊದಲು ನೋಡೋಣ. ಪುಸ್ತಕದ ಕನ್ನಡ ‘ಪಾರ್ಶ್ವವಾಯು’ ಎನ್ನುತ್ತದೆ. ಪಾರ್ಶ್ವ ಎಂದರೆ ಬದಿ. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳಲ್ಲಿ ಬಳಕೆಯಲ್ಲಿರುವುದು ‘ಲಕ್ವಾ’. ಅರಬ್ಬಿಯಲ್ಲಿ ಅದಕ್ಕೆ ಮುಖದ ಒಂದು ಬದಿ ಸೊಟ್ಟಗಾಗುವುದು ಎಂಬ ಅರ್ಥ. ದಖನಿ ಉರ್ದುವಿನ ಜೊತೆ ಬಾಳಿದ ನಮ್ಮ ಮಾತು ಅದನ್ನು ಇಡೀ ರೋಗಕ್ಕೆ ಹಿಗ್ಗಿಸಿಕೊಂಡಿತು. ಎರಡು ಪದಗಳಿಗೂ ‘ಬದಿ’ಯ ಅರಿವಿದೆ. ಆದರೆ ಆ ಬದಿಯ ಬಲ ಹೋಗುವುದು ಬೇರೆ, ಬದಿಯೇ ಹೋಗುವುದು ಬೇರೆ. ಈ ವ್ಯತ್ಯಾಸ ಎರಡರಲ್ಲೂ ಇಲ್ಲ.

ಮಿದುಳಿನ ಬಲಭಾಗಕ್ಕೆ, ಅದರಲ್ಲೂ ಹಿಂಬದಿಯ ಮೇಲ್ಭಾಗಕ್ಕೆ ಪೆಟ್ಟು ಬಿದ್ದ ಕೆಲವರಲ್ಲಿ ಎಡಗಡೆಯ ಲೋಕ ಗಮನಕ್ಕೇ ಬರುವುದಿಲ್ಲ. ಕಣ್ಣು ಸರಿಯಿದ್ದರೂ ತಟ್ಟೆಯ ಎಡಭಾಗದ ಊಟ ಹಾಗೇ ಉಳಿಯುತ್ತದೆ, ಗಡ್ಡ ಬಲಗೆನ್ನೆಗೆ ಮಾತ್ರ ಹೆರೆಯಲ್ಪಡುತ್ತದೆ, ಗಡಿಯಾರದ ಚಿತ್ರ ಬರೆಯಿರಿ ಎಂದರೆ ಹನ್ನೆರಡೂ ಅಂಕಿಗಳು ಬಲಗಡೆಗೇ ಒತ್ತಿಕೊಂಡು ಕೂರುತ್ತವೆ. ಕೆಲವರಿಗೆ ತಮ್ಮ ಕೈ ಸೋತಿದೆ ಎಂಬುದೇ ತಿಳಿಯುವುದಿಲ್ಲ. 1914ರಲ್ಲಿ ಫ್ರಾನ್ಸಿನ ವೈದ್ಯ ಜೋಸೆಫ್ ಬಾಬಿನ್‌ಸ್ಕಿ ಈ ಅರಿವಿಲ್ಲದಿರುವಿಕೆಗೆ ‘ಅನೊಸೊಗ್ನೋಸಿಯಾ’ ಎಂಬ ಹೆಸರಿಟ್ಟ. ಇನ್ನೂ ಕೆಲವರು ಎಡಗೈಯನ್ನು ತಮ್ಮದೇ ಅಲ್ಲ, ಮನೆಯ ಬೇರೆ ಯಾರದೋ ಎನ್ನುತ್ತಾರೆ. ಎಡ ಅರ್ಧ ಇನ್ನೊಬ್ಬರದಾಗಿರುವ ಅರ್ಧನಾರೀಶ್ವರನನ್ನು ಬಲ್ಲ ನಮಗೆ ಈ ಮಾತು ತೀರಾ ಅಪರಿಚಿತವಲ್ಲ. ಆದರೆ ಅಲ್ಲಿರುವುದು ಕೂಡಿಕೆ, ಇಲ್ಲಿರುವುದು ಕಳಚಿಕೆ.

ವೈದ್ಯಶಾಸ್ತ್ರ ಇದನ್ನು ಇಂಗ್ಲಿಷಿನಲ್ಲಿ ‘ನೆಗ್ಲೆಕ್ಟ್’ ಎನ್ನುತ್ತದೆ. ನಿಘಂಟು ಹಿಡಿದು ಕನ್ನಡಕ್ಕೆ ತಂದರೆ ‘ನಿರ್ಲಕ್ಷ್ಯ’ ಅಥವಾ ‘ಉಪೇಕ್ಷೆ’. ನನ್ನ ತಕರಾರು ಇಲ್ಲಿದೆ. ಕನ್ನಡದಲ್ಲಿ ನಿರ್ಲಕ್ಷ್ಯ ಒಂದು ತಪ್ಪು. ಕಂಡೂ ಕಾಣದಂತೆ ಇರುವವರಿಗೆ, ಮಾಡಬೇಕಾದ್ದನ್ನು ಮಾಡದವರಿಗೆ ಆ ಮಾತು ಹೊಂದುತ್ತದೆ. ಎಡ ಎಂಬುದೇ ಇಲ್ಲದವರ ಮೇಲೆ ಈ ಪದ ಹೊರಿಸಿದರೆ ರೋಗ ನಡತೆಯಾಗಿಬಿಡುತ್ತದೆ.

ಇದು ಬರೀ ಪದಚರ್ಚೆಯಲ್ಲ. ನಮ್ಮ ಮುತ್ಯಾಗೆ ಲಕ್ವಾ ಹೊಡೆದ ಮೇಲೆ ಮನೆಯಲ್ಲಿ ಹೆಚ್ಚು ಕೇಳಿಬಂದ ಪದ ‘ಹಟ’. ಗಂಗಾಳದಾಗ ಅರ್ಧ ರೊಟ್ಟಿ ಬಿಟ್ಟು “ಇನ್ನೊಂದು ಹಾಕ್ರಿ” ಅಂದರೆ ಹಟ, ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಂಡರೆ ಬೇಜವಾಬ್ದಾರಿ, ಎಡಗಡೆ ಕೂತು ಮಾತಾಡಿಸಿದ ಆಯಿಗೆ ಉತ್ತರ ಕೊಡದಿದ್ದರೆ ಸಿಟ್ಟು. “ಈ ಕಡಿ ರೊಟ್ಟಿ ಯಾಕ ಬಿಟ್ಟಿ ಮುತ್ಯಾ?” ಎಂದು ಕೇಳಿದರೆ, “ಎಲ್ಲಿ ಬಿಟ್ಟೀನಿ?” ಎಂದು ನಿಜವಾದ ಅಚ್ಚರಿಯಲ್ಲೇ ಕೇಳುತ್ತಿದ್ದ. ಅವ್ವ ಮಾತ್ರ ಏನೂ ಕೇಳದೆ ಗಂಗಾಳವನ್ನು ಅರ್ಧ ಸುತ್ತು ತಿರುಗಿಸಿ ಇಡುತ್ತಿದ್ದಳು. ಹೆಸರು ಗೊತ್ತಿಲ್ಲದ ರೋಗಕ್ಕೆ ಆಕೆ ಕಂಡುಕೊಂಡ ಉಪಾಯ ಅದು.

ಆಲಿವರ್ ಸ್ಯಾಕ್ಸ್ 1985ರಲ್ಲಿ ಪ್ರಕಟಿಸಿದ ‘ದಿ ಮ್ಯಾನ್ ಹೂ ಮಿಸ್ಟುಕ್ ಹಿಸ್ ವೈಫ್ ಫಾರ್ ಎ ಹ್ಯಾಟ್’ ಪುಸ್ತಕದಲ್ಲಿ ಇಂಥ ಒಬ್ಬ ಮಹಿಳೆಯ ಅಧ್ಯಾಯವಿದೆ. ಅದರ ಹೆಸರು ‘ಐಸ್ ರೈಟ್!’. ಎನ್‌ಸಿಸಿ ಪರೇಡ್ ಮಾಡಿದವರಿಗೆ ‘ದಾಹಿನೇ ದೇಖ್’ ಎಂದರೆ ಥಟ್ಟನೆ ಹೊಳೆಯುತ್ತದೆ. ಆಕೆಗೆ ಬುದ್ಧಿಯಿದೆ, ಹಾಸ್ಯವಿದೆ, ಎಡವಿಲ್ಲ. ಎಡಕ್ಕೆ ತಿರುಗಲಾರದ ಆಕೆ ಗಾಲಿಕುರ್ಚಿಯನ್ನು ಬಲಕ್ಕೇ ಸುತ್ತಿಸಿ, ಪೂರ್ತಿ ಒಂದು ಸುತ್ತು ಬಂದು, ಉಳಿದ ಊಟವನ್ನು ಹುಡುಕಿಕೊಳ್ಳುತ್ತಾಳೆ. ನಮ್ಮ ತರ್ಕಶಾಸ್ತ್ರದ ಮಾತಿನಲ್ಲಿ, ಎಡವು ಆಕೆಗೆ ಪ್ರತ್ಯಕ್ಷವಲ್ಲ, ಅನುಮಾನ ಪ್ರಮಾಣ. ಸ್ಯಾಕ್ಸ್ ಆಕೆಯ ಘನತೆಯನ್ನು ಉಳಿಸಿ ಬರೆಯುತ್ತಾನೆ. ಅದು ದೊಡ್ಡದು. ಆದರೆ ಅವನ ಕುತೂಹಲವೆಲ್ಲ ಆ ಸುತ್ತಿನ ಜಾಣ್ಮೆಯ ಮೇಲೆ. ತಟ್ಟೆ ತಿರುಗಿಸುವ ಇನ್ನೊಬ್ಬರ ಕೈ ಆ ಕಥನದಲ್ಲಿ ಮುಖ್ಯವಾಗುವುದಿಲ್ಲ. ನಮ್ಮ ಮನೆಗಳಲ್ಲಿ ಈ ರೋಗದ ಕಥೆ ನಡೆಯುವುದೇ ಆ ಕೈಯ ಸುತ್ತ.

ನನಗೆ ಸ್ಯಾಕ್ಸ್‌ಗಿಂತಲೂ ಹೆಚ್ಚು ಸಾಹಿತ್ಯಕ ಎನಿಸಿದ್ದು 1978ರ ಒಂದು ಒಣ ಪ್ರಬಂಧ. ಇಟಲಿಯ ಎಡ್ವಾರ್ಡೊ ಬಿಸಿಯಾಕ್ ಮತ್ತು ಕ್ಲಾಡಿಯೋ ಲುಜ್ಜಾಟ್ಟಿ, ಮಿಲಾನ್‌ನ ಇಬ್ಬರು ರೋಗಿಗಳಿಗೆ ಅವರೇ ಬಲ್ಲ ದೊಡ್ಡ ಚರ್ಚಿನ ಚೌಕವನ್ನು ನೆನಪಿನಿಂದ ವರ್ಣಿಸಲು ಹೇಳಿದರು. ಚರ್ಚಿಗೆ ಮುಖಮಾಡಿ ನಿಂತಂತೆ ಕಲ್ಪಿಸಿಕೊಂಡಾಗ ಬಲಗಡೆಯ ಕಟ್ಟಡಗಳ ಹೆಸರು ಬಂದವು. ಈಗ ಚರ್ಚಿನ ಬಾಗಿಲಲ್ಲಿ ನಿಂತು ಚೌಕವನ್ನು ನೋಡಿ ಎಂದಾಗ, ಆಗ ಬಿಟ್ಟುಹೋಗಿದ್ದವು ಬಂದವು, ಆಗ ಹೇಳಿದವು ಬಿಟ್ಟುಹೋದವು. ಅಂದರೆ ಕಳೆದದ್ದು ನೆನಪೂ ಅಲ್ಲ, ನೋಟವೂ ಅಲ್ಲ.

ನಮ್ಮ ನೆಲದಲ್ಲಿಟ್ಟು ಇದನ್ನು ಊಹಿಸಿಕೊಳ್ಳಿ. ವಾಡಿ ಜಂಕ್ಷನ್ನಿನಲ್ಲಿ ಸೇಡಂ ಕಡೆ ಮುಖಮಾಡಿ ನಿಂತಿದ್ದೀರಿ. ಸುತ್ತಲಿನ ಊರುಗಳ ಹೆಸರು ಹೇಳಿ ಎಂದರೆ ಬಲಗಡೆಯ ಯಾದಗಿರಿ ಬರುತ್ತದೆ, ಎಡಗಡೆಯ ಶಹಾಬಾದ, ಚಿಂಚೋಳಿ ಬರುವುದಿಲ್ಲ. ಈಗ ಸೇಡಂನಲ್ಲಿ ವಾಡಿಯ ಕಡೆ ಮುಖಮಾಡಿ ನಿಲ್ಲಿ. ಶಹಾಬಾದ, ಚಿಂಚೋಳಿ ಮರಳುತ್ತವೆ, ಯಾದಗಿರಿ ಇಲ್ಲವಾಗುತ್ತದೆ. ಹುಟ್ಟಿ ಬೆಳೆದ ಸೀಮೆಯ ಅರ್ಧ ಹೀಗೆ ನಿಂತ ನಿಲುವಿಗೆ ತಕ್ಕಂತೆ ಬಂದು ಹೋಗುತ್ತಿರುತ್ತದೆ, ಹೇಳುತ್ತಿರುವವರಿಗೆ ಎರಡು ಸಲವೂ ಎಲ್ಲ ಊರುಗಳನ್ನೂ ಹೇಳಿದೆನೆಂಬ ಪೂರ್ತಿ ನಂಬಿಕೆ.

ಓದಿಗೂ ಇದೇ ಪಾಡು. ಕನ್ನಡ ಎಡದಿಂದ ಹೊರಡುವ ಲಿಪಿ, ಆದ್ದರಿಂದ ಸಾಲಿನ ಆರಂಭ ತಪ್ಪುತ್ತದೆ. ಉರ್ದು ಬಲದಿಂದ ಹೊರಡುವ ಲಿಪಿ, ಅಲ್ಲಿ ಸಾಲಿನ ಕೊನೆ ತಪ್ಪುತ್ತದೆ. ಪದವೊಂದರ ಎಡ ತುದಿಯೂ ಬಿದ್ದುಹೋಗಬಹುದು. ‘ಚಿತ್ತಾಪುರ’ದ ಮೊದಲ ಅಕ್ಷರಗಳು ಸಿಗದಿದ್ದರೆ ಮನಸ್ಸು ಸುಮ್ಮನಿರುವುದಿಲ್ಲ, ‘ಸೊಲ್ಲಾಪುರ’ ಎಂದು ತುಂಬಿಕೊಳ್ಳಲೂಬಹುದು. ಇದಕ್ಕೆ ಚಿಕಿತ್ಸಕರು ಹೇಳಿಕೊಡುವ ಒಂದು ಸರಳ ಉಪಾಯ, ಪುಟದ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೆದು, ಪ್ರತಿ ಸಾಲಿಗೂ ಆ ಗೆರೆ ಸಿಗುವವರೆಗೆ ಕಣ್ಣನ್ನು ಎಡಕ್ಕೆ ಒಯ್ಯುವುದು.

ತಿಳಿಸಿ ಹೇಳಿದರೆ ಸಾಲದೇ ಎಂದು ಕೇಳಬಹುದು. ಚಿತ್ರನಿರ್ದೇಶಕ ಫೆಡೆರಿಕೊ ಫೆಲಿನಿಗೆ 1993ರಲ್ಲಿ ಪಾರ್ಶ್ವವಾಯು ಬಡಿದು ಎಡ ಹೋಯಿತು. ಅದು ಹೋಗಿದೆ ಎಂದು ಅವನಿಗೆ ತಿಳಿದಿತ್ತು, ಅದರ ಮೇಲೆ ತಾನೇ ವ್ಯಂಗ್ಯ ಮಾಡಿ ಚಿತ್ರ ಬರೆಯುತ್ತಿದ್ದ. ಆದರೂ ಎಡ ಮರಳಲಿಲ್ಲ. ತಿಳಿವಳಿಕೆಯೇ ಗಮನವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಾದರೆ ಯಾವ ಪದ? ‘ಮರೆವು’ ಆಗದು. ‘ಕುರುಡು’ ಆಗದು. ನನಗೆ ಸೂಕ್ತವೆನಿಸುವುದು ವ್ಯಾಕರಣದ ‘ಲೋಪ’. ಮಾತು, ಇಲ್ಲ ಎಂಬೆರಡು ಪದ ಸೇರಿ ‘ಮಾತಿಲ್ಲ’ ಆದಾಗ ಒಂದು ಸ್ವರ ಬಿದ್ದುಹೋಗುತ್ತದೆ. ಬಿದ್ದ ಜಾಗದಲ್ಲಿ ಖಾಲಿ ಉಳಿಯುವುದಿಲ್ಲ, ಆಡಿದವರಿಗೆ ಕೊರತೆ ತಿಳಿಯುವುದಿಲ್ಲ, ಬಿಡಿಸಿ ತೋರಿಸಿದಾಗಲೇ ಗೊತ್ತಾಗುವುದು. ‘ಎಡಲೋಪ’ ಎಂದರೆ ರೋಗದ ಸ್ವರೂಪವೂ ಬಂತು, ಬೈಗುಳವೂ ತಪ್ಪಿತು. ಸಂಧಿಯಲ್ಲಿ ಅರ್ಥ ಕೆಡುವುದಿಲ್ಲ, ಇಲ್ಲಿ ಬದುಕು ಕೆಡುತ್ತದೆ, ನಿಜ. ‘ಲೋಪದೋಷ’ ಎಂಬ ಜೋಡಿಪದದ ನೆರಳೂ ಇದೆ. ಆದರೆ ಸೇಡಂ ತಾಲ್ಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ. ಅಲ್ಲಿನ ರಾಷ್ಟ್ರಕೂಟರ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ತನ್ನ ಮೊದಲ ಪರಿಚ್ಛೇದವನ್ನೇ ದೋಷ ಯಾವುದು, ಅದೋಷ ಯಾವುದು ಎಂಬ ವಿವೇಚನೆಗೆ ಮೀಸಲಿಟ್ಟಿದೆ. ಆ ನೆಲದ ಭಾಷೆಗೆ ಲೋಪವನ್ನೂ ದೋಷವನ್ನೂ ಬೇರ್ಪಡಿಸುವುದು ಹೊಸ ಕೆಲಸವೇನಲ್ಲ.

ಸೆಮಿನಾರುಗಳಲ್ಲಿ ಈ ವಿಷಯ ಹೇಳಿದಾಗಲೆಲ್ಲ ಯಾರಾದರೂ ಎದ್ದು, “ಕಲ್ಯಾಣ ಕರ್ನಾಟಕವೂ ಕನ್ನಡದ ಕಳೆದುಹೋದ ಎಡಬದಿಯೇ ಅಲ್ಲವೇ?” ಎನ್ನುತ್ತಾರೆ. ಚಪ್ಪಾಳೆ ಬೀಳುವ ಮಾತು. ನಾನು ಒಪ್ಪುವುದಿಲ್ಲ. ಬಿಸಿಯಾಕ್ ಪ್ರಬಂಧ ಬಂದ 1978ರಲ್ಲೇ ಸೂಸನ್ ಸೊಂಟಾಗ್ ‘ಇಲ್‌ನೆಸ್ ಆ್ಯಸ್ ಮೆಟಫರ್’ ಬರೆದು, ರೋಗವನ್ನು ರೂಪಕವಾಗಿಸಿದರೆ ಅದರ ಭಾರ ರೋಗಿಯ ಮೇಲೆ ಬೀಳುತ್ತದೆ ಎಂದು ಎಚ್ಚರಿಸಿದ್ದಳು. ಅದಿರಲಿ, ಹೋಲಿಕೆಯೇ ತಪ್ಪು. ಆಳುವವರಿಗೆ ಶಹಾಬಾದದ ಕಲ್ಲು, ವಾಡಿಯ ಸಿಮೆಂಟು, ಸೇಡಂನ ತೊಗರಿ ಚೆನ್ನಾಗಿಯೇ ಕಾಣುತ್ತವೆ. ಕಂಡೂ ಬಿಡುವುದಕ್ಕೆ ‘ನಿರ್ಲಕ್ಷ್ಯ’ ಎಂಬ ಪದವಿದೆ, ಅದು ಅಲ್ಲಿಗೇ ಇರಲಿ. ಕಾಣದೆ ಬಿಡುವವರಿಗೆ ಬೇರೆ ಪದ ಬೇಕೆನ್ನುವುದೇ ನನ್ನ ವಾದ.

ಪದದಿಂದ ಏನಾದೀತು? ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಚಿಂಚೋಳಿಯ ಹಳ್ಳಿಯೊಂದರಲ್ಲಿ ಬೆಳಗ್ಗೆ ಎದ್ದ ಹಿರಿಯರೊಬ್ಬರು ಅಂಗಿಯ ಎಡತೋಳು ಹಾಕಿಕೊಳ್ಳದೆ, “ನನಗೇನೂ ಆಗಿಲ್ಲ” ಎಂದರೆ, ಆ ಮಾತನ್ನು ನಂಬಿ ಕೂರಬೇಕೋ, ಅದೇ ರೋಗದ ಗುರುತೆಂದು 108ಕ್ಕೆ ಫೋನ್ ಮಾಡಬೇಕೋ? ಹಟ ಎಂಬ ಪದವಷ್ಟೇ ಇರುವ ಮನೆ ಕಾಯುತ್ತದೆ. ಎಡಲೋಪ ಎಂಬ ಪದವೂ ಇರುವ ಮನೆ ಫೋನ್ ಎತ್ತಿಕೊಳ್ಳುತ್ತದೆ.